ಹರಿಗೋಲಿನಯ್ಯ ಕಡಲು ನೋಡಿದ್ದು

ಮೊನ್ನೆ ನಮ್ಮ ಬೀದಿಗೆ ಡಾಂಬರು ಹಾಕಿದರು. ಅಕ್ಕಪಕ್ಕದವರೆಲ್ಲ ಕಿಟಕಿ ಮುಚ್ಚಿಕೊಂಡು ಒಳಗೆ ಕೂತರೆ, ನಾನೊಬ್ಬಳು ಗೇಟಿಗೆ ಒರಗಿ ಆ ವಾಸನೆ ಎಳೆದುಕೊಳ್ಳುತ್ತ ನಿಂತಿದ್ದೆ. “ಆಂಟಿ, ತಲೆನೋವು ಬರುತ್ತೆ ಒಳಗೋಗಿ” ಎಂದಳು ಎದುರುಮನೆ ಹುಡುಗಿ. ತಲೆನೋವೇನೂ ಬರಲಿಲ್ಲ. ನರಸೀಪುರದ ಹೊಳೆದಂಡೆ ಬಂತು. ಮಗುಚಿ ಹಾಕಿದ ಹರಿಗೋಲು, ಅದರ ಬೆನ್ನಿಗೆ ಕಾಯಿಸಿದ ಡಾಂಬರು ಬಳಿಯುತ್ತ ಕುಕ್ಕರುಗಾಲಲ್ಲಿ ಕೂತ ಹರಿಗೋಲಿನಯ್ಯ...

ತೊಂಬತ್ತರ ದಶಕದಲ್ಲಿ ನಾನು ಆಚೆ ದಡದ ಹಳ್ಳಿಯೊಂದರಲ್ಲಿ ಟೀಚರಾಗಿದ್ದೆ. ಸೇತುವೆ ಸುತ್ತಿಕೊಂಡು ಹೋಗುವ ಬಸ್ಸಿಗೆ ಕಾಯುವಷ್ಟು ತಾಳ್ಮೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅವರ ಹರಿಗೋಲೇ ಗತಿ. ಬಿದಿರಿನ ಬುಟ್ಟಿಗೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದದ್ದು. ಕೂತರೆ ಲೋಕವೇ ಮೆಲ್ಲಗೆ ಗಿರಗಿರ ಸುತ್ತುತ್ತಿತ್ತು. ಒಂದು ಸುತ್ತಿಗೆ ಗೋಪುರ, ಇನ್ನೊಂದು ಸುತ್ತಿಗೆ ಕಬ್ಬಿನ ಗದ್ದೆ. ನಡುಹೊಳೆಗೆ ಬರುವಷ್ಟರಲ್ಲಿ ನನಗೆ ಸಣ್ಣ ಜೊಂಪು. ಎಷ್ಟೋ ಸಲ ಅವರು ಹುಟ್ಟಿನಿಂದ ನೀರು ಚಿಮುಕಿಸಿಯೇ ನನ್ನನ್ನು ಎಬ್ಬಿಸಿದ್ದುಂಟು.

ಅವರಿಗೆ ಇನ್ನೊಂದು ಕೆಲಸವೂ ಇತ್ತು. ಕಾವೇರಿ, ಕಪಿಲೆ ಕೂಡುವಲ್ಲಿಗೆ ಅಸ್ಥಿ ಬಿಡಲು ಬಂದವರನ್ನು ಅವರೇ ಕರೆದೊಯ್ಯುತ್ತಿದ್ದರು. ಮಡಕೆ ನೀರಿಗೆ ಇಳಿದ ಮೇಲೆ ಹರಿಗೋಲನ್ನು ಒಂದು ಸುತ್ತು ತಿರುಗಿಸಿ, ಅಳುವವರ ಕಡೆ ನೋಡದೆ ಒಂದೇ ಮಾತು ಹೇಳುತ್ತಿದ್ದರು: “ಅನ್ನೆರಡು ದಿನಕ್ಕೆ ಕಡಲು ಸೇರ್ಕತಾರೆ. ತಿರುಗಿ ನೋಡ್ಬೇಡಿ.” ಅವರಪ್ಪ ಹೇಳುತ್ತಿದ್ದ ಮಾತಂತೆ, ಅವರಿಗೆ ಅವರಪ್ಪ. ಈ ಲೆಕ್ಕ ಯಾರು ಹಾಕಿದರೋ ದೇವರಿಗೇ ಗೊತ್ತು.

ನನ್ನಮ್ಮ ತೀರಿಕೊಂಡದ್ದು ಯುಗಾದಿ ಕಳೆದ ವಾರ. ನಾನು ಒಬ್ಬಳೇ ಮಗಳು. ಹೆಣ್ಣುಮಕ್ಕಳು ಹೊಳೆಗೆ ಬರುವ ಹಾಗಿಲ್ಲ ಎಂದು ಸೋದರಮಾವ ದಂಡೆಯಲ್ಲೇ ತಡೆದರು. ಅಯ್ಯ ಹುಟ್ಟು ಊರಿಕೊಂಡು ನಿಂತವರು, “ನೀರಿಗೆ ಗಂಡು ಎಣ್ಣು ಗೊತ್ತಾದದಾ ಸಾ? ಬನ್ನಿ ಟೀಚರಮ್ಮ, ಅತ್ಕಳಿ” ಎಂದರು. ಹೊಳೆಯಲ್ಲಿ ನೀರು ಕಮ್ಮಿಯಿತ್ತು. ಹರಿಗೋಲು ಎರಡು ಸಲ ಮರಳಿಗೆ ಕಚ್ಚಿಕೊಂಡಿತು. ಅವರು ಇಳಿದು ಬಗ್ಗಿ ತಳ್ಳಿದರು. ಆಮೇಲೆ ಅದೇ ಮಾತು. ನಾನು ತಿರುಗಿ ನೋಡಲಿಲ್ಲ. ಹನ್ನೆರಡನೆಯ ದಿನ ಪರೀಕ್ಷೆಯ ಪೇಪರು ತಿದ್ದುತ್ತಿದ್ದವಳು, ಅಮ್ಮ ಕಡಲು ಮುಟ್ಟಿದಳು ಎಂದುಕೊಂಡು ಪೆನ್ನು ಕೆಳಗಿಟ್ಟೆ. ಅವತ್ತು ರಾತ್ರಿ ಊಟ ಸೇರಿತು. ಆ ಮಾತಿಗೆ ನಾನು ಎಷ್ಟು ಋಣಿ ಎಂದು ಅವರಿಗೆ ಹೇಳಲೇ ಇಲ್ಲ.

ಎರಡು ಸಾವಿರದ ಈಚೆ, ಮಳೆ ಕೈಕೊಟ್ಟ ಒಂದು ವರ್ಷದ ಬೇಸಿಗೆ ರಜೆಯಲ್ಲಿ ಊರವರೆಲ್ಲ ಸೇರಿ ಬನ್ನೂರಿನ ಬಸ್ಸೊಂದು ಮಾಡಿಕೊಂಡು ತಮಿಳುನಾಡಿನ ದೇವಸ್ಥಾನಗಳಿಗೆ ಹೊರಟೆವು. ಅಯ್ಯನೂ ಬಂದರು. ದೇವರ ಮೇಲೆ ಅವರಿಗೆ ಅಂಥ ಆಸೆ ಇರಲಿಲ್ಲ. ಹೊಳೆ ಕಡಲು ಸೇರುವ ಊರು ತೋರಿಸುವುದಾದರೆ ಮಾತ್ರ ಬರುತ್ತೇನೆ ಎಂದು ಡ್ರೈವರ್ ಹತ್ತಿರ ಮಾತು ತೆಗೆದುಕೊಂಡಿದ್ದರು. ಪ್ರತಿ ಸೇತುವೆಯ ಮೇಲೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ, “ಇದೂ ನಮ್ಮೊಳೇನಾ?” ಎಂದು ಕೇಳುತ್ತಿದ್ದರು. ಕೆಳಗೆ ಬರೀ ಮರಳು. “ಯಾಕೋ ಸೊರಗವಳೆ” ಎಂದು ಒಳಗೆ ಕೂರುತ್ತಿದ್ದರು.

ಹೊಳೆ ಕಡಲು ಸೇರುವ ಆ ಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ಸದ್ದೇ ಇಲ್ಲದ ಊರು. ಒಣಹಾಕಿದ ಬಲೆ, ಮರಳಿನ ಮೇಲೆ ಮಲಗಿದ ದೋಣಿಗಳು, ಅವುಗಳ ನೆರಳಲ್ಲಿ ಮಲಗಿದ ಆಡುಗಳು, ಜನ. ಬಸ್ಸಿನವರೆಲ್ಲ ಸೀರೆ, ಪಂಚೆ ಎತ್ತಿಕೊಂಡು ಕಡಲಿಗೆ ಓಡಿದರು. ಬಿಸಿಲಿನ ಝಳಕ್ಕೆ ಅವರೆಲ್ಲ ನೆಲ ಬಿಟ್ಟು ಒಂದು ಮೊಳ ಮೇಲೆ ತೇಲುತ್ತಿರುವಂತೆ ಕಾಣುತ್ತಿದ್ದರು. ಅಯ್ಯ ಮಾತ್ರ ಕಡಲು ಬಿಟ್ಟು ಹೊಳೆ ಹುಡುಕಿಕೊಂಡು ನಡೆದರು. ನಾನು ಹಿಂದೆ ಹೋದೆ.

ಹೊಳೆ ಸಿಕ್ಕಿತು. ಹಸಿರುಗಟ್ಟಿದ ಒಂದು ಮಡು, ಅಲ್ಲಾಡದೆ ನಿಂತಿತ್ತು. ಅದರ ಮುಂದೆ ಅಡ್ಡಕ್ಕೆ ಮರಳಿನ ದಿಬ್ಬ. ದಿಬ್ಬದ ಆಚೆ ಕಡಲು. ನಡುವೆ ಹೆಚ್ಚೆಂದರೆ ನಲವತ್ತು ಹೆಜ್ಜೆ. ಬಲೆ ಬಿಡಿಸುತ್ತ ಕೂತಿದ್ದ ಹೆಂಗಸನ್ನು ನನಗೆ ಬರುವ ನಾಲ್ಕು ಮಾತು ತಮಿಳಿನಲ್ಲಿ ಕೇಳಿದೆ. ಮಳೆ ಬಂದು ಮೇಲಿಂದ ನೀರು ಬಿಟ್ಟರೆ ದಿಬ್ಬ ಒಡೆಯುತ್ತೆ, ಬೇಸಿಗೆಯಲ್ಲಿ ಹೊಳೆ ಇಲ್ಲಿಯವರೆಗೆ ಬರುವುದೇ ಇಲ್ಲ ಎಂದಳು. ಅದನ್ನು ಅಯ್ಯನಿಗೆ ನಾನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

ಕಡಲು ನೋಡಲು ಅಷ್ಟು ದೂರ ಬಂದವರು ಕಡಲಿಗೆ ಬೆನ್ನುಹಾಕಿ ಆ ದಿಬ್ಬದ ಮೇಲೆ ಕೂತರು. ಎಷ್ಟು ಹೊತ್ತೋ... ಅವರ ತುಟಿ ಅಲ್ಲಾಡುತ್ತಿತ್ತು. ಕಡಲು ಸೇರುತ್ತಾರೆ ಎಂದು ಬೇಸಿಗೆಯಲ್ಲಿ ತಾವು ನೀರಿಗೆ ಬಿಡಿಸಿದವರನ್ನೆಲ್ಲ ನೆನೆಯುತ್ತಿದ್ದಾರೆ ಎಂದು ನನಗೆ ಹೊಳೆದದ್ದು, ಅವರು ನನ್ನ ಕಡೆ ತಿರುಗಿದಾಗ.

“ಟೀಚರಮ್ಮ, ನಿಮ್ಮವ್ವ ಓದದ್ದು ಯಾವ್ ತಿಂಗ್ಳು?”

“ಶ್ರಾವಣ ಅಯ್ಯ” ಎಂದೆ.

ನನ್ನನ್ನೇ ನೋಡಿದರು. ಮರಳಲ್ಲಿ ಹರಿಗೋಲು ತಳ್ಳಿದ ಸೊಂಟ ಅವರದೇ. ಮರೆತಿರಲು ಸಾಧ್ಯವೇ ಇಲ್ಲ.

“ಊ ಕಣವ್ವ. ಸ್ರಾವಣ. ಎಲ್ಡೂ ದಡ ತುಂಬ್ಕಂಡಿತ್ತು ಒಳೆ” ಎಂದು ಎದ್ದು ಮೈ ಕೊಡವಿಕೊಂಡರು.

ಆ ವಿಷಯ ಮತ್ತೆ ನಾವು ಆಡಲಿಲ್ಲ. ಆದರೆ ಬೇಸಿಗೆಯಲ್ಲಿ ಅಸ್ಥಿ ತಂದವರಿಗೆ ಅವರು ಹೇಳುವ ಮಾತು ಬದಲಾಯಿತು. “ಮಳೆ ಬಂದಾಗ ಓಗ್ತಾರೆ. ಅಲ್ಲೀಗಂಟ ಇಲ್ಲೇ ಇರ್ತಾರೆ, ನಮ್ ಜೊತೇಲಿ” ಎನ್ನುತ್ತಿದ್ದರು. ಜನಕ್ಕೆ ಅದು ಇನ್ನೂ ಹಿಡಿಸಿತು. ನನಗೂ ಹಿಡಿಸಿತು. ಅಯ್ಯ ಸಮಾಧಾನ ಮಾಡಿಕೊಂಡರು ಎಂದೇ ತಿಳಿದಿದ್ದೆ.

ಕೆಲವು ವರ್ಷಗಳ ಮೇಲೆ ಒಂದು ಬಿರುಬೇಸಿಗೆಯಲ್ಲಿ ಅವರು ಹೋದರು. ಟೆಂಪೊ ಓಡಿಸುತ್ತಿದ್ದ ಮಗ ಮೂರನೆಯ ದಿನ ನಮ್ಮ ಮನೆ ಬಾಗಿಲಿಗೆ ಬಂದು ನಿಂತ. “ಮಿಸ್, ಒಳೆ ತುಂಬೋಗಂಟ ನನ್ನ ನೀರ್ಗೆ ಬುಡ್ಬೇಡ, ಮಡ್ಕೆನ ಮರಕ್ ಕಟ್ಟು ಅಂತ ಅಪ್ಪ ಆಣೆ ಮಾಡ್ಸವ್ರೆ. ಊರೋರು ಬಯ್ತಾವ್ರೆ. ನಿಮ್ಮನ್ನ ಕೇಳು ಅಂತ ಅಪ್ಪನೇ ಅಂದಿದ್ರು” ಎಂದ.

ಇಲ್ಲೇ ಇರ್ತಾರೆ ಎಂದು ಅಷ್ಟು ಜನರಿಗೆ ಹೇಳಿದವರು, ತಾವು ಒಂದು ದಿನವೂ ಅದನ್ನು ನಂಬಿರಲಿಲ್ಲ. “ಮರಕ್ಕೇ ಕಟ್ಟಪ್ಪ” ಎಂದೆ. ಊರವರು ಏನಂದರೂ ಅವನು ಕಟ್ಟಿದ. ಹೊಳೆ ತುಂಬಿದ ದಿನ ನಾನೂ ಹೋಗಿದ್ದೆ. ಮಡಕೆ ಕೈಬಿಟ್ಟ ಕ್ಷಣಕ್ಕೆ ಸೆಳವು ಅದನ್ನು ಎಳೆದುಕೊಂಡು ಹೋಯಿತು.

ಈಗ ಅಲ್ಲಿ ಹರಿಗೋಲೇ ಇಲ್ಲ. ನಾನು ನಿವೃತ್ತಳಾಗಿ ಮೈಸೂರು ಸೇರಿದ್ದೇನೆ. ಆ ದಿಬ್ಬದ ಮೇಲೆ ನಾನು ಸುಳ್ಳು ಹೇಳಿದ್ದು ಅವರಿಗೋಸ್ಕರ, ಅವರು ಹೂಂಗುಟ್ಟಿದ್ದು ನನಗೋಸ್ಕರ. ಅದಕ್ಕೆ ಬದಲು “ಯುಗಾದಿ ಕಳೆದ ವಾರ ಅಯ್ಯ, ನೀರಿರಲಿಲ್ಲ ಅಯ್ಯ” ಎಂದು ನಾನು ಹೇಳಿ, ಇಬ್ಬರೂ ಅಲ್ಲೇ ಕೂತು ಅತ್ತುಬಿಡಬೇಕಿತ್ತು. ಅಷ್ಟು ವರ್ಷ ಆ ಭಾರವನ್ನು ಅವರು ಒಬ್ಬರೇ ಹೊರಬೇಕಾಗುತ್ತಿರಲಿಲ್ಲ.