ಅಗರದ ಕಾರಿಗೆ ಹೊಸ ತಳ

ಬಂಡಳ್ಳಿಯ ಜಡೇಸ್ವಾಮಿ ಕೊಳ್ಳೇಗಾಲಕ್ಕೆ ಬಂದಾಗ ಅವನಿಗೆ ಗೊತ್ತಿದ್ದದ್ದು ತೂತು ಬಿದ್ದ ಬಿಂದಿಗೆಗೆ ಬೆಸುಗೆ ಹಾಕುವುದಷ್ಟೇ. ಆಮೇಲೆ ಗ್ಯಾಸ್ ವೆಲ್ಡಿಂಗ್ ಕಲಿತು, ಆಸ್ಪತ್ರೆಗೆ ಹೋಗುವ ದಿಬ್ಬದ ಬುಡದಲ್ಲಿ ತಗಡಿನ ಶೆಡ್ ಹಾಕಿಕೊಂಡ. ೧೯೬೯ರ ಬೇಸಿಗೆಯಲ್ಲಿ ಅಗರದ ದೊಡ್ಡಮಾದಪ್ಪನವರು ತಮ್ಮ ಹಳೆಯ ಮಾರಿಸ್ ಕಾರನ್ನು ಆ ಶೆಡ್ಡಿಗೆ ತಂದು ನಿಲ್ಲಿಸಿದರು.

ಗದ್ದೆ ತೋಟ ಇದ್ದ ಕುಳ. ಆದರೂ ಕಾರಿನ ಮೇಲಿದ್ದ ಮಮತೆ ಅವರಿಗೆ ತೋಟದ ಮೇಲಿರಲಿಲ್ಲ. ಸುತ್ತಲ ಹಳ್ಳಿಗಳಿಗೆಲ್ಲ ಅದೊಂದೇ ಕಾರು. ಯಾವ ಕೇರಿಯ ಹೆಂಗಸಿಗೆ ಹೆರಿಗೆ ನೋವು ಬಂದರೂ ದೊಡ್ಡಮಾದಪ್ಪನವರೇ ಕೂರಿಸಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಓಡಿಸುತ್ತಿದ್ದರು. ಜಡೇಸ್ವಾಮಿಯ ಹೆಂಡತಿಯ ತವರೂ ಅಗರವೇ; ಅವನ ಚೊಚ್ಚಲ ಮಗಳು ಹುಟ್ಟಿದ್ದೂ ಆ ಕಾರಿನ ಹಿಂದಿನ ಸೀಟಿನಲ್ಲೇ.

"ಬಾಗ್ಲು ಸರ್ಯಾಗಿ ಆಕ್ಕೊಳಲ್ಲ ಕಣ್ಲಾ. ಕೀಲು ಕೆಟ್ಟಿರ್ಬೋದು, ನೋಡು," ಎಂದರು ದೊಡ್ಡಮಾದಪ್ಪ.

ಜ್ಯಾಕ್ ಕೊಟ್ಟು ಎತ್ತಿದರೆ ಕಾರಿನ ನಡುವೇ ಕುಸಿಯಿತು. ಜಡೇಸ್ವಾಮಿ ಅಡಿಗೆ ತೂರಿ ಸ್ಕ್ರೂಡ್ರೈವರಿನಿಂದ ಚುಚ್ಚಿದ. ಅದು ಹಿಡಿಯವರೆಗೂ ಇಳಿಯಿತು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ, ಇಡೀ ಕಾರಿನ ಭಾರ ಹೊರುವ ಉಕ್ಕಿನ ಪಟ್ಟಿ ಎರಡೂ ಕಡೆ ತುಕ್ಕು ತಿಂದು ಹಪ್ಪಳವಾಗಿತ್ತು. ಮುಖದ ಮೇಲೆ ಉದುರಿದ ಪುಡಿಯಲ್ಲಿ ಗಂಜಲದ ನಾತ.

ಅವನಿಗೆ ಕಾರಣ ಹೊಳೆಯಿತು. ಒಂದೊಂದು ಹೆರಿಗೆಯಾದ ಮೇಲೂ ದೊಡ್ಡಮಾದಪ್ಪನವರ ಹೆಂಡತಿ ಶಿವರತ್ನಮ್ಮ ಮೈಲಿಗೆ ಕಳೆಯಲೆಂದು ಕಾರಿನೊಳಗೆ ಎರಡೆರಡು ಬಿಂದಿಗೆ ಗಂಜಲದ ನೀರು ಹುಯ್ಯುತ್ತಿದ್ದುದನ್ನು ಅವನೇ ಕಂಡಿದ್ದ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲವೆಂದು ಮಠದ ಸ್ವಾಮಿಗಳು ಹೇಳಿದ್ದರು, ನಿಜ. ಆಕೆಗೆ ಅತ್ತೆ ಕಲಿಸಿಕೊಟ್ಟದ್ದರ ಮುಂದೆ ಯಾವ ಸ್ವಾಮಿಗಳ ಮಾತು ನಡೆದೀತು?

ಹದಿನೈದು ದಿನ ಕೆಲಸ ಹಿಡಿಯಿತು. ಪೆಟ್ರೋಲ್ ಟ್ಯಾಂಕು, ಸೀಟು ಎಲ್ಲ ಬಿಚ್ಚಿಟ್ಟ. ಕಾರು ಮಡಚಿಕೊಳ್ಳದಂತೆ ಬಾಗಿಲಿನ ಚೌಕಟ್ಟಿಗೆ ಅಡ್ಡ ಕಬ್ಬಿಣ ಕೊಟ್ಟು, ಒಂದು ಮಗ್ಗುಲು ಮುಗಿಸಿದ ಮೇಲೇ ಇನ್ನೊಂದು ಮಗ್ಗುಲನ್ನು ಕೊಯ್ದು ದಪ್ಪ ತಗಡು ಬೆಸೆದ. ಕೈ ಕೆಲಸದಲ್ಲಿದ್ದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಹೇಳದಿದ್ದರೆ ನಾಲ್ಕು ವರ್ಷದಲ್ಲಿ ಇದೂ ಕರಗುತ್ತದೆ. ಯಾವಳೋ ಬಸುರಿ ಹಿಂದೆ ಕೂತಿದ್ದಾಗಲೇ ಕಾರು ನಡುರಸ್ತೆಯಲ್ಲಿ ಎರಡಾಗುತ್ತದೆ. ಹೇಳಿದರೆ, ತನ್ನ ಮಗಳು ಹುಟ್ಟಿದ ಸೀಟನ್ನು ತೊಳೆದ ಕೈಗೇ ದೂರು ಹೊರಿಸಿದಂತೆ.

ಕಾರನ್ನು ಅಗರಕ್ಕೆ ಒಯ್ದ ದಿನ ಶಿವರತ್ನಮ್ಮ ಆರತಿ ಎತ್ತಿದರು. ಅವನು ನೆಲ ನೋಡುತ್ತ ಹೇಳಿಯೇಬಿಟ್ಟ.

"ಅವ್ವಾ, ಇನ್ಮೇಲೆ ಒಳಕ್ಕೆ ಗಂಜಲ ಹುಯ್ಯಬ್ಯಾಡಿ. ಕಾರ್ನ ತಿಂದಿರೋದು ಅದೇಯ. ಒಣಬಟ್ಟೇಲಿ ಒರೆಸಿದ್ರೆ ಸಾಕು."

ಆಕೆಯ ಮುಖ ಸಪ್ಪಗಾಯಿತು. ಗಂಡನತ್ತ ನೋಡಲಿಲ್ಲ. "ಆಯ್ತು ಬುಡಪ್ಪ, ಹುಯ್ಯಕಿಲ್ಲ," ಎಂದರು. ಜಡೇಸ್ವಾಮಿ ಹಗುರಾಗಿ ಕೊಳ್ಳೇಗಾಲಕ್ಕೆ ಬಂದ. ಪಾಪ, ಅಲ್ಲಿಗೆ ಮುಗಿಯಿತೆಂದುಕೊಂಡಿದ್ದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಶೆಡ್ಡಿನ ಮುಂದೆ ಎತ್ತಿನ ಗಾಡಿಯೊಂದು ದಿಬ್ಬ ಹತ್ತಲಾರದೆ ನಿಂತಿತು. ಎತ್ತುಗಳ ಬಾಯಲ್ಲಿ ನೊರೆ. ಹುಲ್ಲಿನ ಮೇಲೆ ಮಲಗಿದ್ದ ಹೆಂಗಸು ತುಟಿ ಕಚ್ಚಿಕೊಂಡು ನರಳುತ್ತಿದ್ದಳು. ಗಾಡಿ ಹೊಡೆಯುತ್ತಿದ್ದ ಅವಳ ಗಂಡ ಮಾದಣ್ಣ ಅಗರದ ಆಚೆಯ ಹಳ್ಳಿಯವನು, ಜಡೇಸ್ವಾಮಿಯನ್ನು ಕಂಡವನಲ್ಲ.

"ಅಗರದ ಕಾರು ಇರ್ನಿಲ್ವಾ?" ಜಡೇಸ್ವಾಮಿ ಕೇಳಿದ.

"ಅದ್ಕೇನು, ಹೊಸದ್ರಂಗದೆ. ತೊಳ್ಯಂಗಿಲ್ವಂತೆ. ತೊಳೀದೆ ಹೆರೋ ಹೆಂಗಸ್ನ ಎಂಗಪ್ಪ ಕೂರ್ಸನ ಅಂದ್ರು ಅವ್ವಾರು. ಯಜಮಾನ್ರು ತಲೆ ತಗ್ಗಿಸ್ಕಂಡು ಕೂತಿದ್ರು." ಮಾದಣ್ಣ ಎತ್ತಿನ ಬಾಲ ತಿರುವಿದ. "ಯಾವನೋ ಮೆಕಾನಿಕ್ ಅಂಗಂತ ಹೇಳ್ಬುಟ್ಟವ್ನಂತೆ. ಅವ್ನ ಮನೆ ಹಾಳಾಗ."

ಜಡೇಸ್ವಾಮಿ ಗಾಡಿಯ ಹತ್ತಿರಕ್ಕೆ ಬಂದ.

"ಅದು ನಾನೇ ಕಣಣ್ಣ," ಎಂದ.

ಮಾದಣ್ಣ ತಿರುಗಿ ಅವನನ್ನು ಒಂದು ಗಳಿಗೆ ದಿಟ್ಟಿಸಿದ. ಬೈಯಲಿಲ್ಲ. ಬೈಯುವುದಕ್ಕೆ ಹೊತ್ತಿರಲಿಲ್ಲ.

"ಅಂಗಾರೆ ಹಿಂದಿಂದ ತಳ್ಳು," ಎಂದ.