ಕಮಲಾಪುರಕ್ಕೆ ಹೊತ್ತೊಯ್ದ ಹಟಮಾರಿ ಡಬ್ಬಿ

ಬೆಳಿಗ್ಗೆ ಎಂಟಕ್ಕೆ ಕಲಬುರಗಿಯ ಖೂಬಾ ಪ್ಲಾಟಿನ ಮನೆ ಬಿಟ್ಟೆ. ಚೀಲದಲ್ಲಿ ಮಂಡಕ್ಕಿಯ ಸೂಸ್ಲಾ ತುಂಬಿದ ಡಬ್ಬಿ, ಪಕ್ಕದಲ್ಲಿ ನನ್ನ ರೂಟರ್. ಅಂಗೈಯಗಲದ ಲಿನಕ್ಸ್ ಯಂತ್ರ. ಬ್ಯಾಟರಿಯ ಮೇಲೆ ನಡೆಯುತ್ತದೆ. ಸಿಮ್ ಇರುವ ಮೋಡೆಮ್ ಸಿಕ್ಕಿಸಿ ಉದ್ದನೆಯ ಆಂಟೆನಾ ಕಟ್ಟಿದರೆ, ಮೊಬೈಲ್ ಸೋತ ಕಡೆಯೂ ಇಂಟರ್ನೆಟ್ ಬರುತ್ತದೆ. ಕಮಲಾಪುರ ಕಲಬುರಗಿಯಿಂದ ಸುಮಾರು ಮೂವತ್ತೈದು ಕಿಲೋಮೀಟರು. ಹೆಂಗಸಾದ್ದರಿಂದ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಒಂಬತ್ತಕ್ಕೇ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು.

ಪಕ್ಕದ ಸೀಟಿನ ಮುದುಕಿ ಆಂಟೆನಾ ನೋಡಿ, "ಇದೇನವ್ವಾ, ರೇಡಿಯೋ ಏನು?" ಎಂದಳು.

"ಇಲ್ಲ ಆಯಿ. ನಮ್ಮಕ್ಕನ ಬಾಯಿ," ಎಂದೆ.

ಅಕ್ಕನೆಂದರೆ ಮಹಾದೇವಿ, ನನ್ನ ಸೋದರತ್ತೆಯ ಮಗಳು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಒಂದೆಕರೆ ಕೆಂಪು ಬಾಳೆ ಬೆಳೆಯುತ್ತಾಳೆ. 'ಸಭೆಯಲ್ಲಿ ಒಮ್ಮೆಯೂ ಮಾತಾಡಿಲ್ಲ' ಎಂಬ ಕಾರಣ ಕೊಟ್ಟು ಅಲ್ಲಿನ ಬಾಳೆಗಾರರ ಸಂಘ ಅವಳ ಹೆಸರನ್ನೇ ಪಟ್ಟಿಯಿಂದ ಕೈಬಿಡಲು ಹೊರಟಿತ್ತು. ಕಿವುಡಿ ಮಾತಾಡಲಿಲ್ಲವೆಂದು ಶಿಕ್ಷೆ! ನೋಟಿಸು ಓದಿ ನನ್ನ ಮೈ ಉರಿದುಹೋಗಿತ್ತು. ಹುಬ್ಬಳ್ಳಿಯ ರೇಖಾ ಎಂಬವರಿಗೆ ಸನ್ನೆ ಭಾಷೆ ಗೊತ್ತು. ವಿಡಿಯೊದಲ್ಲಿ ಅಕ್ಕನ ಕೈ ನೋಡಿ ಸಭೆಗೆ ಹೇಳಲು ಅವರು ಒಪ್ಪಿದ್ದರು.

ಸಭೆ ಹನ್ನೊಂದಕ್ಕೆ, ಸಂಘದ ಗೋದಾಮಿನಲ್ಲಿ. ದಪ್ಪ ಕಲ್ಲುಗೋಡೆಯೊಳಗೆ ಮೊಬೈಲಿಗೆ ಸಿಗ್ನಲ್ಲೇ ಇಲ್ಲ. ಹತ್ತೂವರೆಗೆ ಆಂಟೆನಾವನ್ನು ಕಿಟಕಿಯಾಚೆ ಕಟ್ಟಿ ಯಂತ್ರ ಚಾಲೂ ಮಾಡಿದರೆ, ರೂಟರಿಗೆ ತನ್ನ ಮೋಡೆಮ್ಮೇ ಕಾಣಲೊಲ್ಲದು. ಲ್ಯಾಪ್‌ಟಾಪಿನಿಂದ ಒಳಹೊಕ್ಕು ಮೋಡೆಮ್ ನೋಡಿಕೊಳ್ಳುವ ಪ್ರೋಗ್ರಾಮನ್ನು ನಿಲ್ಲಿಸಿ ಎಬ್ಬಿಸಿದೆ. ಮೂರು ಸಲ ರೀಬೂಟ್ ಮಾಡಿದೆ. ಕೆಂಪು ದೀಪ ಕೆಂಪಾಗಿಯೇ ಇತ್ತು. ಅಂಗಳಕ್ಕೆ ಓಡಿ, ಅದನ್ನು ಮಾರಿದ ಅಂಗಡಿಗೆ ಮೆಸೇಜ್ ಹಾಕಿದೆ. ಉತ್ತರ ಬಂತು: 'ಮೋಡೆಮ್ ತೆಗೆದುಹಾಕಿ. ಹೊಸದು ಕೊಳ್ಳಿ.' ಏನೇ ಕೆಟ್ಟರೂ ಹೊಸದು ಕೊಳ್ಳಿ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

"ಹನ್ನೊಂದು ಆಗ್ಯಾವ ನೋಡ್ರಿ," ಎಂದರು ಅಧ್ಯಕ್ಷ ಸಿದ್ದಣ್ಣ. "ಒಂದು ಡಬ್ಬಿ ಸಲುವಾಗಿ ಇಷ್ಟು ಮಂದಿ ಕೂಡಬೇಕೇನು?"

"ಕೂಡ್ರಿ. ಆಕಿ ಇಷ್ಟು ವರ್ಷ ನಿಮ್ಮ ಮಾತು ಕೇಳಿಸಲಾರದೇ ಕುಂತಾಳ," ಎಂದೆ.

ಅಷ್ಟರಲ್ಲಿ ಅಕ್ಕ ನನ್ನ ಫೋನ್ ಕಸಿದು ಮೆಸೇಜ್ ಓದಿದಳು. ಅವಳಿಗೆ ಕನ್ನಡ ಬಂದದ್ದು ಬರಹದಿಂದ, ಯಾರ ಬಾಯಿಂದಲೂ ಅಲ್ಲ. 'ತೆಗೆದುಹಾಕಿ' ಎಂದರೆ ಎಸೆಯಿರಿ ಎಂಬುದು ಅವಳಿಗೆ ಗೊತ್ತಿರಲಿಲ್ಲವೋ, ಬೇಕೆಂದೇ ಮರೆತಳೋ. ಬೇಡ ಎನ್ನುವಷ್ಟರಲ್ಲಿ ಮೋಡೆಮ್ ಕಿತ್ತು ತೆಗೆದಳು. ಊದಿ, ಸೆರಗಿನಲ್ಲಿ ನಿಧಾನವಾಗಿ ಒರೆಸಿ, ಮತ್ತೆ ಹಾಕಿದಳು. ದೀಪ ಮಿಣುಕಿ ಹಸಿರಾಯಿತು!

ನನಗೆ ನಾಚಿಕೆಯಾಯಿತು. ರೀಬೂಟ್ ಮಾಡಿದರೂ ಬ್ಯಾಟರಿಯಿಂದ ಮೋಡೆಮ್ಮಿಗೆ ಹೋಗುವ ಕರೆಂಟ್ ನಿಂತಿರಲಿಲ್ಲ; ಅದು ಮಂಕು ಹಿಡಿದೇ ಕೂತಿತ್ತು. ಹೊರಗೆ ತೆಗೆದು ಹಾಕಿದ್ದರೆ ಸಾಕಿತ್ತು.

ರೇಖಾ ಲ್ಯಾಪ್‌ಟಾಪಿನ ಪರದೆಗೆ ಬಂದರು. ಅಕ್ಕನ ಕೈ ಆಡತೊಡಗಿದಂತೆ ಹುಬ್ಬಳ್ಳಿಯಿಂದ ದನಿ ಬಂತು: "ನಾ ಪ್ರತಿ ಸಭೆಯೊಳಗ ಮಾತಾಡೇನಿ. ನೀವು ನನ್ನ ಕೈ ನೋಡಲಿಲ್ಲ."

ಸಿದ್ದಣ್ಣ ಸಂಘದ ಠರಾವಿನ ಪುಸ್ತಕ ತೆರೆದು ಗೊಣಗಿದರು. "ಖರೇ ಅದ. ಆದ್ರ ಹೆಸರು ತೆಗೆದುಹಾಕಬೇಕಂತ ಠರಾವು ಬರದು ಬಿಟ್ಟೀವಲ್ಲ."

ರೇಖಾ ಅದನ್ನು ಸನ್ನೆಯಲ್ಲಿ ಹೇಳಿದರು. ಅಕ್ಕ ಎದ್ದು ಹೋಗಿ ಪುಸ್ತಕದ 'ತೆಗೆದುಹಾಕಬೇಕು' ಎಂಬ ಪದದ ಮೇಲೆ ಬೆರಳಿಟ್ಟಳು. ಇನ್ನೊಂದು ಕೈಯಲ್ಲಿ, ರೇಖಾಗೆ ಕಾಣುವಂತೆ, ಏನನ್ನೋ ಕೀಳುವಂತೆ ಮಾಡಿ, ಮತ್ತೆ ಸಿಕ್ಕಿಸಿದಂತೆ ಮಾಡಿದಳು.

"ಠರಾವು ಬರೋಬ್ಬರಿ ಐತಿ ಅಂತಾರ್ರಿ," ಎಂದರು ರೇಖಾ ನಗುತ್ತ. "ತಗಿಯೂದು ಆತು. ಇನ್ನ ಹಾಕ್ರಿ."

ಮೊದಲು ನಕ್ಕದ್ದು ಹಿಂದಿನ ಸಾಲಿನ ಹೆಂಗಸರು. ಸಿದ್ದಣ್ಣ ಪೆನ್ನಿನ ಮುಚ್ಚಳ ತೆಗೆದರು.

ಎರಡು ಗಂಟೆಯ ಬಸ್ಸಿನಲ್ಲಿ ಅಕ್ಕ ಕೊಟ್ಟ ಕೆಂಪು ಬಾಳೆಹಣ್ಣಿನ ಹಣಿಗೆ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಊರು ದಾಟುವಾಗ ಅಂಗಡಿಯವರ ಮೆಸೇಜ್ ಬಂತು: 'ಹೊಸದು ಕಳಿಸೋಣವೇ?'

ಬರೆದೆ: 'ಬೇಡ. ನೀವು ಹೇಳಿದಂತೆಯೇ ಮಾಡಿದೆವು. ತೆಗೆದೆವು, ಹಾಕಿದೆವು.'