ಸಕ್ಕರಿ ನವಿಲಿನ ಕಣ್ಣು

ನನಗ ಬಣ್ಣ ಕಂಡರ ಬುದ್ಧಿ ಕೈಕೊಡ್ತದ. ಸೀರಿ ಅಂಗಡ್ಯಾಗ ಯಾವಾಗಲೂ ಹಂಗ. ಈ ಸಲ ಗೌರಿ ಹುಣ್ಣಿಮಿ ದಿನ ಮೊಮ್ಮಗಳ ರೆಸಿಸ್ಟರ್ ಡಬ್ಬಿ ಮುಂದನೂ ಹಂಗ ಆತು.

ರೆಸಿಸ್ಟರ್ ಅಂದರ ಏನಂತೀರೇನು? ಜೀರಗಿಗಿಂತ ಒಂಚೂರು ದಪ್ಪ, ಎರಡೂ ಕಡೆ ಮೀಸಿಯಂಥ ತಂತಿ, ಮೈಮ್ಯಾಲ ಬಣ್ಣದ ಗೆರಿ, ತುದಿಗೊಂದು ಬಂಗಾರದ ಗೆರಿ. ಜರಿ ಅಂಚಿನ ಸೀರಿ ಸುತ್ತಿ ಇಟ್ಟಂಗ. ನಾನು ಸಾಲಿ ಓದಿದ್ದು ಮೂರನೇತ್ತೆ ತನಕ. ಇಷ್ಟು ಚಂದ ಇದ್ದದ್ದು ಅಂದಕ್ಕಲ್ಲ ಅಂತ ನನಗ ಹೆಂಗ ತಿಳೀಬೇಕು?

ನಮ್ಮ ಹಾನಗಲ್ ಕಡೆ ಆ ಸಂಜಿ ಹುಡುಗ್ಯಾರು ತಾಟಿನಾಗ ಸಕ್ಕರಿ ಗೊಂಬಿ ಇಟ್ಕೊಂಡು ಗೌರಿಗೆ ಆರತಿ ಒಯ್ತಾರ. ಡಿಪ್ಲೊಮಾ ಓದೋ ನನ್ನ ಮೊಮ್ಮಗಳು ಸಹನಾ, "ಆಯಿ, ಈ ಸಲ ನಮ್ಮ ಸಕ್ಕರಿ ನವಿಲು ಮಿಂಚಬೇಕು. ಬಾಲದ ಹಿಂದ ಹಸಿರು ಎಲ್‌ಇಡಿ, ಕಣ್ಣಿಗೆ ಕೆಂಪು" ಅಂದಳು. ಬಂಕಾಪುರದ ಕ್ವಾಟ್ಯಾಗ ಅಷ್ಟು ನವಿಲು ಅದಾವ, ಒಂದರದಾದರೂ ಕಣ್ಣು ಕೆಂಪಗ ಐತೇನು? ಆದರ ಹಬ್ಬದ ದಿನ ಯಾಕ ಬಾಯಿ ಮಾಡೂದು. ಕಾಸಿದ ದಬ್ಬಣದಿಂದ ಕಣ್ಣಿನ ತೂತು ನಾನ ಕೊರದು ಕೊಟ್ಟೆ.

ಹೆರಳು ಹಾಕ್ಕೊಂಡು, ನಾನು ತಂದ ಬಳಿ ಕೈಗೆ ಇಟ್ಕೊಂಡು ಬರ್ತೇನಿ ಅಂತ ಆಕಿ ಒಳಗ ಹೋದಳು. ನಾನು ಸುಮ್ಮ ಕುಂದ್ರೂ ಪೈಕಿ ಅಲ್ಲ. ವೈರು ಜೋಡಿಸೂದು ಮುಂಜಾನಿಂದ ನೋಡಿದ್ದೆ. ಬಾಲಕ್ಕ ಹಸಿರು-ನೀಲಿ-ಹಳದಿ ಗೆರಿಯದು ಆರಿಸಿದೆ. ನವಿಲಿಗೆ ಇದಕ್ಕಿಂತ ಒಪ್ಪೂದು ಇನ್ನೇನು? ಕೆಂಪು ಕಣ್ಣಿಗೆ ಕೆಂಪು-ಕೆಂಪು-ಕಪ್ಪು. ಬ್ಯಾಟರಿ ಹಚ್ಚಿದೆ. ಬಾಲ ಹತ್ತಲೇ ಇಲ್ಲ. ಕಣ್ಣು ಒಮ್ಮೆ ಹುಲಿಯಂಗ ಉರದು, ಟಪ್ ಅಂತ ಸತ್ತು, ಸುಟ್ಟ ವಾಸನಿ ಬಿಡ್ತು. ಸಹನಾ ಒಳಗಿಂದ ಓಡಿ ಬಂದಳು.

"ಆಯೀ! ಅದು ಸೀರಿ ಅಂಚಲ್ಲ! ಆ ಬಣ್ಣ ಅಂದರ ನಂಬರು!"

"ನಂಬರಿದ್ದರ ನಂಬರ ಬರೀಬೇಕಿಲ್ಲ? ಹೋಳಿ ಆಡಿದಂಗ ಯಾಕ ಬಣ್ಣ ಬಳದಾರ?"

ಉಳದದ್ದು ಒಂದ ಕೆಂಪು ದೀಪ. ಹೊತ್ತು ಇಳಿಯಾಕತ್ತಿತ್ತು, ಓಣಿ ಹುಡುಗ್ಯಾರು ಬಾಗಲಾಗ ನಿಂತು ಕೂಗಾಕತ್ತಿದ್ದರು. ಇದೂ ಸುಟ್ಟರ ಕುಡ್ಡ ನವಿಲ ಗತಿ.

ಸಹನಾ ಮೂಗು ಒರಸ್ಕೊಂಡು ಹೇಳಿದಳು: "ಬ್ಯಾಟರಿ ಒಂಬತ್ತು ವೋಲ್ಟ್ ಕೊಡ್ತದ. ಕೆಂಪು ದೀಪಕ್ಕ ಎರಡು ಸಾಕು. ಉಳದ ಏಳು ರೆಸಿಸ್ಟರ್ ತನ್ನ ಮೈಮ್ಯಾಲ ತಗೋಬೇಕು. ನಿನ್ನ ಕೆಂಪು ಗೆರಿಯದು ಏನೂ ತಡಿಯಂಗಿಲ್ಲ, ನವಿಲು ಬಣ್ಣದ್ದು ಏನೂ ಬಿಡಂಗಿಲ್ಲ."

ಆಗ ತಿಳೀತು. ಪಂಗ್ತ್ಯಾಗ ನಾನು ಹೋಳಿಗಿ ತಂದರ ಮಂದಿ ತಾಟಿಗೆ ಕೈ ಅಡ್ಡ ಹಿಡೀತಾರಲ್ಲ, ಆ ಕೈನ ರೆಸಿಸ್ಟರ್. ನಾನು ಬ್ಯಾಟರಿ. ಆ ಕೈ ಸರಸಿ ಮತ್ತೆ ಮತ್ತೆ ಬಡಿಸಿ ನಮ್ಮ ಬೀಗರನ್ನ ಹಾಸಿಗಿ ಹಿಡಿಸಿದಾಕಿ.

ಹಳದಿ-ನೇರಳೆ-ಕಂದು ಹುಡುಕು ಅಂದಳು. ಎಂಥ ಕೆಟ್ಟ ಬಣ್ಣ! ಅಂಥ ಸೀರಿ ಪುಕ್ಕಟ ಕೊಟ್ಟರೂ ನಾ ಉಡಂಗಿಲ್ಲ. ಆದರ ಅದನ್ನ ಹಾಕಿ ಬ್ಯಾಟರಿ ಹಚ್ಚಿದರ, ಕಣ್ಣು ದಾಳಿಂಬ್ರಿ ಕಾಳಿನಂಗ ಹತ್ತಿತು! ಬಾಲಕ್ಕೂ ಅಂಥದ ಇನ್ನೊಂದು ಹಾಕಿದಳು. ಸಕ್ಕರಿಯೊಳಗ ಹಸಿರು ಹರದು ಬಂತು. ಚಪ್ಪಾಳಿ ಹೊಡದು ಕುಣದೆ. ಮೊಣಕಾಲು ಬ್ಯಾಡ ಅಂತು; ಅದನ್ನ ಯಾರು ಕೇಳಿದ್ದರು?

ಆರತಿ ಮುಗಿಸಿ ಬಂದು ಆಕಿ ಉಣ್ಣಾಕ ಕುಂತಳು. ಖುಷಿಗೆ ಹೋಳಿಗಿ ತಂದೆ, ಮತ್ತ ತಂದೆ, ಇನ್ನೂ ತಂದೆ. ತಾಟಿಗೆ ಕೈ ಅಡ್ಡ ಹಿಡದಳು. ಸರಸಬೇಕಂತ ಬಗ್ಗಿದೆ, ಆ ಕೈಯಾಗ ನವಿಲಿಗೆ ಒಪ್ಪಲಿ ಅಂತ ನಾನ ತಂದ ಬಳಿ ಕಂಡವು: ಹಸಿರು, ನೀಲಿ, ಹಳದಿ.

ಹೋಳಿಗಿ ತಿರಗಿ ಬುಟ್ಟಿಗೆ ಹಾಕಿದೆ. ಆ ಬಣ್ಣ ಏನೂ ಬಿಡಂಗಿಲ್ಲ.